ನನ್ನ ನೆತ್ತಿಯ ನಾಲ್ಕು ಬೆರಳು

ನಾನು ಒಂದು ತಗಡಿನ ಗಾಳಿಕೊಳವೆ. ಮನೆ ತಂಪು ಮಾಡುವ ಯಂತ್ರದಿಂದ ಗಾಳಿಯನ್ನು ಖೋಲಿಖೋಲಿಗೆ ಒಯ್ಯುವುದು ನನ್ನ ಕೆಲಸ. ಎ.ಸಿ. ಕೂರಿಸುವವರು ನನ್ನನ್ನು ಡಕ್ಟ್ ಎನ್ನುತ್ತಾರೆ. ನನ್ನನ್ನು ಮಾಡಿದ ಲಾಡ್ಲೇಸಾಬ ಮಾತ್ರ ಇಂದಿಗೂ ಡಬ್ಬಿ ಎಂದೇ ಕರೆಯುತ್ತಾನೆ. ಎರಡು ಅಡಿ ಅಗಲ, ಒಂದು ಅಡಿ ಎತ್ತರ, ನಾಲ್ಕು ಅಡಿ ಉದ್ದ. ಎರಡು ಕಡೆ ಬಾಯಿ, ನಡುವೆ ಖಾಲಿ. ಒಂದು ಬಾಯಿಂದ ಬಂದದ್ದನ್ನು ಹೊಟ್ಟೆಯಲ್ಲಿ ಚೂರೂ ಉಳಿಸಿಕೊಳ್ಳದೆ ಇನ್ನೊಂದು ಬಾಯಿಂದ ದಾಟಿಸುವವನು ನಾನು. ಹೀಗೆ ಹೇಳಿದರೆ ದೊಡ್ಡ ದಾನಶೂರನಂತೆ ಕೇಳಿಸುತ್ತದೆ. ಅವಸರ ಮಾಡಬೇಡಿ, ಪೂರ್ತಿ ಕೇಳಿ.

ನಾನು ಹುಟ್ಟಿದ್ದು ಕಲಬುರಗಿಯಲ್ಲಿ, ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯ ತಗಡಿನ ಅಂಗಡಿಯಲ್ಲಿ. ಅದಕ್ಕೂ ಮೊದಲು ಸುರುಳಿ ಸುತ್ತಿದ ತಗಡಾಗಿ ಲಾರಿಯಲ್ಲಿ ಬಂದದ್ದು ಮಸುಕಾಗಿ ನೆನಪಿದೆ. ಮೈಮೇಲೆ ಸತುವಿನ ಲೇಪ ಮೂಡಿಸಿದ ಹೂವುಗಳಿದ್ದವು. ಬಿಸಿಲಿಗೆ ಹಿಡಿದರೆ ಮಿನುಗುತ್ತಿದ್ದವು. ಆಗ ನನಗೆ ಸ್ವಲ್ಪ ಸೊಕ್ಕೂ ಇತ್ತು. ಮದುವೆಯ ಟ್ರಂಕು ಆಗುತ್ತೇನೆ, ಒಳಗೆ ರೇಷ್ಮೆ ಸೀರೆ ಇಡುತ್ತಾರೆ ಎಂದುಕೊಂಡಿದ್ದೆ. ಲಾಡ್ಲೇಸಾಬ ಮಾಡದ ತಗಡಿನ ಸಾಮಾನಿರಲಿಲ್ಲ. ಟ್ರಂಕು, ಹಿಟ್ಟಿನ ಡಬ್ಬಿ, ಧಾನ್ಯದ ಕಣಜ, ಎಲ್ಲಕ್ಕಿಂತ ಹೆಚ್ಚಾಗಿ ಬೇಳೆ ಗಿರಣಿಗಳ ನಾಳಗಳು. ತೊಗರಿ ಕಾಳು ಮೇಲಿನ ಅಟ್ಟದಿಂದ ಕೆಳಗಿನ ಯಂತ್ರಕ್ಕೆ ಜಾರಿ ಬರುವುದು ಈ ತಗಡಿನ ನಾಳಗಳಲ್ಲಿ. ಆ ಊರಿನ ಅರ್ಧ ಗಿರಣಿಗಳ ಕಾಳು ಅವನ ಕೈಯಿಂದಲೇ ಜಾರುತ್ತದೆ ಎಂದು ಜನ ಹೇಳುತ್ತಿದ್ದರು.

ಗಿರಣಿ ನಾಳದ ಗುಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ನನ್ನ ಹಣೆಬರಹವೆಲ್ಲ ಅದರಲ್ಲಿಯೇ ಇದೆ. ಕಾಳು ಯಾವಾಗಲೂ ತಳ ಹಿಡಿದು ಜಾರುತ್ತದೆ. ಆದ್ದರಿಂದ ಎರಡು ತುಂಡು ಕೂಡುವಲ್ಲಿ ತಳವನ್ನೂ ಎರಡು ಪಕ್ಕಗಳನ್ನೂ ಬಿಗಿದರೆ ಸಾಕು. ಮೇಲಿನ ಮಗ್ಗುಲು ತುಸು ಬಾಯಿ ಬಿಟ್ಟರೂ ಯಾರಿಗೂ ನಷ್ಟವಿಲ್ಲ. ನಾಳ ಜೋಡಿಸಿದ ಮೇಲೆ ಲಾಡ್ಲೇಸಾಬ ಗಿರಣಿ ಚಾಲೂ ಮಾಡಿಸುತ್ತಿದ್ದ. ಕೆಳಗೆ ಕುಕ್ಕರಗಾಲಲ್ಲಿ ಕೂತು ನೆಲವನ್ನೇ ನೋಡುತ್ತಿದ್ದ. ಎಲ್ಲಿ ಕಾಳು ಉದುರಿತೋ ಅದರ ನೇರಕ್ಕೆ ಏಣಿ ಹತ್ತಿ, ಕಟ್ಟಿಗೆಯ ಕೊಡತಿಯಿಂದ ನಾಲ್ಕು ಏಟು ಹಾಕಿ ಬಿಗಿಮಾಡುತ್ತಿದ್ದ. ನೆಲ ಸ್ವಚ್ಛವಾದರೆ ಕೆಲಸ ಮುಗಿಯಿತು. ಮೂವತ್ತು ವರ್ಷ ಹೀಗೆ ದುಡಿದಿದ್ದ, ಒಬ್ಬ ಸಾವಕಾರನೂ ಕೆಲಸದಲ್ಲಿ ತಪ್ಪು ಹುಡುಕಿರಲಿಲ್ಲ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಜೀಪು ಅಂಗಡಿಯ ಮುಂದೆ ನಿಂತಿತು. ಇಳಿದವರು ಅಣವೀರಪ್ಪ, ಬೇಳೆ ಗಿರಣಿಯ ಮಾಲಕರು. ಕೈಯಲ್ಲಿ ಎ.ಸಿ. ಕಂಪನಿಯವರು ಕೊಟ್ಟ ನಕ್ಷೆ ಇತ್ತು.

"ಲಾಡ್ಲೇಸಾಬ, ಈ ಸರ್ತಿ ಗಿರಣಿ ಕೆಲಸ ಅಲ್ಲ. ಹೊಸ ಮನ್ಯಾಗ ಥಂಡ ಗಾಳಿ ಹೋಗೋ ಡಬ್ಬಿ ಮಾಡಬೇಕಾಗ್ಯಾದ."

ಲಾಡ್ಲೇಸಾಬ ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿದ. "ಗಾಳಿದ್ದು ನಾ ಎಂದೂ ಮಾಡಿಲ್ರಿ ಸಾವಕಾರ್ರೇ. ಕಂಪನಿಯವ್ರಿಗೇ ಒಪ್ಪಸ್ರಿ."

"ಅವ್ರು ಹೈದ್ರಾಬಾದಿನಿಂದ ಮಂದಿ ಬರಬೇಕು, ತಿಂಗಳು ಹಿಡೀತದ ಅಂತಾರ. ಬಸವ ಜಯಂತಿಗಿ ಮನಿಶಾಂತಿ ಅದ. ಇಷ್ಟು ವರ್ಷ ನನ್ನ ಗಿರಣ್ಯಾಗ ಒಂದು ಕಾಳು ನೆಲಕ್ಕ ಬೀಳಲಾರದಂಗ ಮಾಡೀದಿ. ಕಾಳು ಹಿಡಿದಾಂವಗ ಗಾಳಿ ಹಿಡಿಯೋದೇನು ದೊಡ್ಡದು?"

ಈ ಮಾತು ಲಾಡ್ಲೇಸಾಬನಿಗೆ ಹಿತವಾಗಿರಬೇಕು, ನನಗೂ ಹಿತವಾಗಿಯೇ ಕೇಳಿಸಿತು. ಆಗ ಜೀಪಿನಲ್ಲಿ ಏಳು ವರ್ಷದ ಹುಡುಗಿ ಕೂತದ್ದು ಕಂಡಿತು. ತಲೆಗೂದಲು ತೆಳ್ಳಗೆ, ನಕ್ಕರೆ ಎರಡೋ ಮೂರೋ ಚೂಪು ಹಲ್ಲು. ತಲೆಯ ಮೇಲೆ ಹಸಿ ಟವೆಲ್ಲು ಹೊದ್ದು, ಬಾಟಲಿಯಿಂದ ಕೈಗೆ ನೀರು ಸುರಿದುಕೊಂಡು ಮುಖಕ್ಕೆ ಸವರಿಕೊಳ್ಳುತ್ತಿದ್ದಳು. ಅವಳು ನೀಲಾಂಬಿಕಾ, ಅಣವೀರಪ್ಪನವರ ಒಬ್ಬಳೇ ಮಗಳು. ಮನೆಯಲ್ಲಿ ನೀಲಾ.

"ಅಕಿ ಸಲುವಾಗೇ ಈ ಮನಿ," ಎಂದರು ಅಣವೀರಪ್ಪ, ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿ. "ಅಕಿಗಿ ಬೆವರು ಬರಂಗಿಲ್ಲ. ಹುಟ್ಟಿದಾಗಿಂದ ಹಿಂಗೇ ಅದ. ಬ್ಯಾಸಗಿ ಬಂತಂದ್ರ ಮೈಯಾಗಿನ ಕಾವು ಹೊರಗ ಹೋಗಲಾರದೆ ಜ್ವರ ಏರ್ತದ. ಥಂಡ ಜಾಗಾದಾಗ ಇಟ್ರ ಎಲ್ಲಾರಂಗ ಇರ್ತಾಳ, ಇಲ್ಲಂದ್ರ ಜೀವಕ್ಕ ಧೋಕಾ ಅಂದಾರ ಡಾಕ್ಟರು."

ಲಾಡ್ಲೇಸಾಬ ಮತ್ತೆ ಇಲ್ಲ ಎನ್ನಲಿಲ್ಲ. ಮರುದಿನವೇ ನನ್ನನ್ನು ಕತ್ತರಿಸಿದ, ಮಡಿಸಿದ, ಬಡಿದ. ಒಂದು ಮೂಲೆ ಓರೆಯಾಯಿತೆಂದು ಬಿಚ್ಚಿ ಮತ್ತೆ ಬಡಿದ. ಆ ಹುಡುಗಿಯ ಹೆಸರು ಹೇಳಿಕೊಂಡು ಕೆಲಸ ಮಾಡಿದ ಎಂದರೆ ಸುಳ್ಳಲ್ಲ. ಇವನ ಬೇಜವಾಬ್ದಾರಿಯಿಂದ ಎಲ್ಲ ಕೆಟ್ಟಿತು ಎಂದು ಮುಂದೆ ನಿಮಗೆ ಅನ್ನಿಸಿದರೆ, ಆ ಎಂಟು ದಿನ ಅವನು ಊಟದ ಹೊತ್ತು ಮರೆತದ್ದನ್ನು ನಾನು ನೋಡಿದ್ದೇನೆ, ನೀವು ನೋಡಿಲ್ಲ.

ನಾವು ಹನ್ನೊಂದು ತುಂಡುಗಳು. ಮೊದಲನೆಯವನು ಯಂತ್ರದ ಬಾಯಿಗೆ, ಎರಡನೆಯವನು ನಾನು. ನಮ್ಮ ದಾರಿಗೆ ಒಂದು ಕಾಂಕ್ರೀಟಿನ ತೊಲೆ ಅಡ್ಡ ಬಂದಿತ್ತು. ಅದರ ಕೆಳಗೆ ನುಸುಳಲು ನಾನು ತಲೆ ಬಗ್ಗಿಸಬೇಕಾಯಿತು. ಬಗ್ಗಿಸಿದಾಗ ಮೊದಲನೆಯವನಿಗೆ ನಾನು ಸೇರುವಲ್ಲಿ ತಳ ಕೂಡಿಕೊಂಡಿತು, ಮೇಲಿನ ಮಗ್ಗುಲು ಬಾಯಿ ತೆರೆಯಿತು. ಎಷ್ಟು? ನಾಲ್ಕು ಬೆರಳು. ಲಾಡ್ಲೇಸಾಬ ಏಣಿಯ ಮೇಲೆ ನಿಂತು ತಳಕ್ಕೆ, ಪಕ್ಕಗಳಿಗೆ ರಿವೆಟ್ ಹೊಡೆದ, ಅಂಟು ಮೆತ್ತಿದ. ಮೇಲಿನ ಕಡೆ ಕೈ ತೂರಿಸಿ ನೋಡಿದ. ತೊಲೆಗೂ ನನಗೂ ನಡುವೆ ಅಂಗೈ ಮಾತ್ರ ಹೋಗುತ್ತಿತ್ತು, ಕೊಡತಿ ಹೋಗುತ್ತಿರಲಿಲ್ಲ.

"ಮ್ಯಾಲ ಕೈ ಆಡವಲ್ದು," ಎಂದು ಕೆಳಗೆ ಏಣಿ ಹಿಡಿದಿದ್ದ ತಮ್ಮನಿಗೆ ಹೇಳಿದ. "ಇರಲಿ. ಚಾಲೂ ಮಾಡಿದ ಮ್ಯಾಲ ಎಲ್ಲಿ ಸೋರ್ತದ ನೋಡಿ ಬಡದ್ರಾಯ್ತು."

ಪಾಪ, ಅದು ಅವನ ಮೂವತ್ತು ವರ್ಷದ ಪದ್ಧತಿ. ಕಾಳು ಮೇಲಕ್ಕೆ ಹಾರುವುದಿಲ್ಲ. ಗಾಳಿ ಹಾರುತ್ತದೆ. ಕಾಳು ಬಿದ್ದರೆ ನೆಲದ ಮೇಲೆ ಕಾಣುತ್ತದೆ, ಗಾಳಿ ಬಿದ್ದರೆ ಎಲ್ಲಿ ಕಾಣಬೇಕು? ಇದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಪಿ.ಒ.ಪಿ. ಚಾವಣಿಯವರು ಬಂದರು. ಮನೆಶಾಂತಿಗೆ, ಅಂದರೆ ಗೃಹಪ್ರವೇಶಕ್ಕೆ, ನಾಲ್ಕೇ ದಿನ ಉಳಿದಿತ್ತು. ಲಾಡ್ಲೇಸಾಬ ಗಿರಣಿಯೊಂದಕ್ಕೆ ಹೋಗಿದ್ದ. ಯಂತ್ರಕ್ಕೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ. ಅವರು ನಮ್ಮ ಕೆಳಗೆ ಬಿಳಿ ಹಲಗೆಗಳನ್ನು ಹೊಂದಿಸುತ್ತಾ ಬಂದರು. ಕೊನೆಯ ಹಲಗೆ ಕೂತಾಗ ನನಗೆ ಕತ್ತಲಾಯಿತು. ಅಲ್ಲಿಂದ ಹತ್ತು ವರ್ಷ ನಾನು ಆ ಮನೆಯವರ ಮುಖ ನೋಡಲಿಲ್ಲ. ಆದರೆ ದನಿ ಎಲ್ಲವೂ ಕೇಳಿಸುತ್ತಿತ್ತು. ಗಾಳಿ ಹೋಗುವ ದಾರಿಯಲ್ಲಿ ಮಾತೂ ಬರುತ್ತದೆ. ಆ ಮನೆಯ ಜಗಳ, ಪಿಸುಮಾತು, ಪೂಜೆಯ ಗಂಟೆ, ಎಲ್ಲ ನನ್ನ ಹೊಟ್ಟೆಯಲ್ಲಿಯೇ ಓಡಾಡಿದವು.

ಕಂಪನಿಯ ಇಂಜಿನಿಯರ್ ಬಂದು ಯಂತ್ರ ಚಾಲೂ ಮಾಡಿದ. ಮನೆಯ ದೊಡ್ಡ ಹಾಲ್‌ನಲ್ಲಿ ಗಾಳಿ ಬರುವ ಕಿಂಡಿಗೆ ಏನೋ ಹಿಡಿದು, "ಹದಿನಾಲ್ಕು ಡಿಗ್ರಿ ಇದೆ, ಫಸ್ಟ್ ಕ್ಲಾಸ್," ಎಂದು ಸಹಿ ಹಾಕಿಸಿಕೊಂಡು ಹೋದ. ಗಾಳಿ ಎಷ್ಟು ತಂಪು ಎಂದು ಅಳೆದ. ಎಷ್ಟು ಗಾಳಿ ಎಂದು ಅಳೆಯಲಿಲ್ಲ. ಆ ಹೊತ್ತಿಗೆ ಅರ್ಧಕ್ಕರ್ಧ ಗಾಳಿ ನನ್ನ ನೆತ್ತಿಯ ಸಂದಿನಿಂದ ಭುಸುಗುಡುತ್ತ ಹೊರಗೆ ಹಾರಿ, ಚಾವಣಿಗೂ ಮಾಳಿಗೆಗೂ ನಡುವಿನ ಕತ್ತಲೆಯಲ್ಲಿ ಹರಡುತ್ತಿತ್ತು. ಅಲ್ಲಿ ಮೂರು ಹಲ್ಲಿಗಳಿದ್ದವು. ಕಲಬುರಗಿಯಲ್ಲಿ ಅಷ್ಟು ಸುಖದ ಬೇಸಿಗೆ ಕಂಡ ಹಲ್ಲಿಗಳು ಬೇರೆ ಇರಲಾರವು.

ಮನೆಶಾಂತಿಯ ದಿನ ಒಂದು ಸಂಗತಿ ನಡೆಯಿತು. ಅದನ್ನು ನೆನೆದರೆ ನನಗೆ ಇಂದಿಗೂ ನಗಬೇಕೋ ಅಳಬೇಕೋ ತಿಳಿಯದು. ಪೂಜೆಗೆ ಬಂದ ಅಯ್ಯನವರು ದೊಡ್ಡ ಧೂಪಾರತಿಯಲ್ಲಿ ಲೋಬಾನ ಹಾಕಿ ಹಾಲಿನ ತುಂಬ ಹೊಗೆ ಎಬ್ಬಿಸಿದರು. ಯಂತ್ರ ತಿರುಗುತ್ತಿತ್ತು. ಅದು ಹಾಲಿನ ಗಾಳಿಯನ್ನೇ ಎಳೆದುಕೊಂಡು, ತಂಪು ಮಾಡಿ, ನಮ್ಮೊಳಗೆ ನೂಕುವಂಥದ್ದು. ಹೊಗೆಯೂ ಒಳಗೆ ಬಂತು. ನನ್ನ ನೆತ್ತಿಯಿಂದ ಹಾರಿತು. ಪಕ್ಕದ ಪಡಸಾಲೆಯ ಚಾವಣಿಯಲ್ಲಿ ದೀಪಕ್ಕೆಂದು ಕೊರೆದ ತೂತುಗಳಿಂದ ಎಳೆಎಳೆಯಾಗಿ ಕೆಳಗಿಳಿಯಿತು. ಗಾಳಿ ಬರಬಾರದ ಕಡೆಯಿಂದ ಹೊಗೆ ಬಂದಿತ್ತು. ನನ್ನ ತಪ್ಪು ಹೊಗೆಯಾಗಿ ಎಲ್ಲರ ಕಣ್ಣೆದುರು ನಿಂತಿತ್ತು. ಯಾರಾದರೂ ಇದೇನು ಎಂದು ಕೇಳಿದ್ದರೆ ಸಾಕಿತ್ತು.

"ನೋಡ್ರೆವ್ವಾ, ಧೂಪ ಮ್ಯಾಲಿಂದ ತಾನೇ ಇಳೀಲಾಕತ್ಯಾದ," ಎಂದರು ಅಯ್ಯನವರು. "ಮನಿ ನಿಮ್ಮನ್ನ ಒಪ್ಪಿಕೊಂಡದ."

ಎಲ್ಲರೂ ಕೈಮುಗಿದಿರಬೇಕು, ಬಳೆಗಳು ಸದ್ದು ಮಾಡಿದವು. ನೀಲಾಳ ತಾಯಿ ಸುಗಲಾದೇವಿ ಮಗಳನ್ನು ಮುಂದೆ ಕರೆದು ಆ ಹೊಗೆಯ ಕೆಳಗೆ ನಿಲ್ಲಿಸಿದಳು. "ನಿಂದ್ರು ಮಗಾ, ನಿನಗ ಛಲೋ ಆಗ್ತದ," ಎಂದಳು.

ವಾರ ಕಳೆದು ಲಾಡ್ಲೇಸಾಬ ಬಂದ. ಕೊಡತಿ ಚೀಲದಲ್ಲಿ ಸದ್ದು ಮಾಡುತ್ತಿತ್ತು, ನನಗೆ ಗುರುತು ಸಿಕ್ಕಿತು.

"ಸಾವಕಾರ್ರೇ, ಒಮ್ಮೆ ಮ್ಯಾಲ ಹತ್ತಿ ಜೋಡು ನೋಡ್ತೀನ್ರಿ."

"ಏನು ನೋಡ್ತಿ? ಛಲೋ ನಡದದ. ಇಂಜಿನಿಯರ್ ಪಾಸ್ ಮಾಡಿ ಹೋಗ್ಯಾನ. ಹೊಸ ಚಾವಣಿ ಕೊರೀಬೇಕಂತೀ ಏನು? ಚಾ ಕುಡದು ಹೋಗು."

ಲಾಡ್ಲೇಸಾಬ ಹಾಲಿನ ನಡುವೆ ನಿಂತು ನೆಲ ನೋಡಿದನೋ ಏನೋ. ನೆಲ ಸ್ವಚ್ಛವಾಗಿಯೇ ಇದ್ದಿರಬೇಕು. ಚಹಾ ಕುಡಿದು ಹೋದ.

ಮೊದಲ ಬೇಸಿಗೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಹೊರಗೆ ನಲವತ್ನಾಲ್ಕು ಡಿಗ್ರಿ ಸುಡುವಾಗ ಒಳಗೆ ಮೂವತ್ತೆರಡು ಇದ್ದರೆ, ಬಿಸಿಲಿನಿಂದ ಬಂದವರು "ಎಪ್ಪಾ, ಸ್ವರ್ಗ ಅದ," ಎನ್ನುತ್ತಿದ್ದರು. ಸ್ವರ್ಗದಲ್ಲಿ ಬೆವರು ಬರುವವರಿಗೆ ಮಾತ್ರ ಜಾಗವಿತ್ತು. ಮಧ್ಯಾಹ್ನ ಎರಡಾದರೆ ನೀಲಾಳ ಮೈ ಕಾಯುತ್ತಿತ್ತು. ಸುಗಲಾದೇವಿ ಹಸಿ ಬಟ್ಟೆ ಹಿಂಡುವ ಸದ್ದು, ಬಕೆಟ್ಟಿನ ಸದ್ದು, ನೆಲಕ್ಕೆ ನೀರು ಚಿಮುಕಿಸುವ ಸದ್ದು, ಇವೇ ನನಗೆ ಬೇಸಿಗೆ ಬಂತೆಂಬ ಗುರುತು. ಯಂತ್ರ ಒಂದು ಗಳಿಗೆ ಬಿಡುವಿಲ್ಲದೆ ತಿರುಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು ಅದರ ಬಾಳು.

ನೀಲಾ ತನ್ನ ಖೋಲಿಯಲ್ಲಿ ಮಂಚದ ಮೇಲೆ ಸ್ಟೂಲು ಇಟ್ಟು, ಅದರ ಮೇಲೆ ಹತ್ತಿ, ಕಿಂಡಿಗೆ ಎರಡು ಅಂಗೈ ಹಿಡಿಯುತ್ತಿದ್ದಳು. ಅಲ್ಲಿಂದ ಮೆಲ್ಲಗೆ ಮಾತಾಡುತ್ತಿದ್ದಳು. ಪಾಠ ಒಪ್ಪಿಸುತ್ತಿದ್ದಳು. ಶಾಲೆಯಲ್ಲಿ ಯಾರು ಹಲ್ಲು ನೋಡಿ ನಕ್ಕರು ಎಂದು ಹೇಳುತ್ತಿದ್ದಳು. ಕೊನೆಗೆ ಯಾವಾಗಲೂ ಒಂದೇ ಮಾತು.

"ಇನ್ನೊಂದೀಟು ಕೊಡೋ. ಒಂದೇ ಒಂದೀಟು."

ನನ್ನಲ್ಲಿ ಇತ್ತು. ಕೊಡಲು ಬೇಕಾದಷ್ಟಿತ್ತು. ಅವಳ ಪಾಲಿನದೆಲ್ಲ ನನ್ನ ಬಾಯಿಗೆ ಬರುತ್ತಿತ್ತು, ನನ್ನ ನೆತ್ತಿಯಿಂದ ಹಲ್ಲಿಗಳ ಪಾಲಾಗುತ್ತಿತ್ತು. ಆ ಮಗುವಿನ ಮೈಯಲ್ಲಿ ಇರಬೇಕಾದ ತೂತುಗಳಿರಲಿಲ್ಲ, ನನ್ನ ಮೈಯಲ್ಲಿ ಇರಬಾರದ ತೂತಿತ್ತು. ತಗಡಿಗೆ ಬಾಯಿ ಎರಡಿದ್ದರೂ ಮಾತು ಬಾರದು. ಅಷ್ಟು ಸಂಕಟವನ್ನು ನಾನು ಆಮೇಲೆ ಗುಜರಿ ಅಂಗಡಿಯ ದಾರಿಯಲ್ಲೂ ಪಟ್ಟಿಲ್ಲ.

ಎರಡನೆಯ ಬೇಸಿಗೆಯಲ್ಲಿ ಪಡಸಾಲೆಯ ಚಾವಣಿಯ ಮೇಲೆ ಹಸಿ ಕಲೆ ಮೂಡಿತು. ನನ್ನಿಂದ ಸೋರಿದ ತಂಪಿಗೆ ತೊಲೆ ತಣ್ಣಗಾಗಿ, ಹೊರಗಿನ ಗಾಳಿಯ ಪಸೆ ಅದರ ಮೇಲೆ ನೀರಾಗಿ, ಹನಿಹನಿಯಾಗಿ ಇಳಿಯುತ್ತಿತ್ತು. ಸುಗಲಾದೇವಿಯೇ ಮೊದಲು ಕಂಡದ್ದು.

"ರೀ, ಇಲ್ಲಿ ಹಸಿ ಆಗ್ಯಾದ ನೋಡ್ರಿ."

"ಮಾಳಿಗಿ ಸೋರ್ತದ. ಡಾಂಬರು ಹಾಕಸ್ತೀನಿ."

"ಐದು ತಿಂಗಳಾಯ್ತು ಮಳೀನೇ ಇಲ್ಲ. ಮಳಿ ಇಲ್ಲದ ಮಾಳಿಗಿ ಹ್ಯಾಂಗ ಸೋರ್ತದ?"

ಇಡೀ ಮನೆಯಲ್ಲಿ ಬುದ್ಧಿವಂತಿಕೆಯ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನಾನು ಉಸಿರು ಬಿಗಿಹಿಡಿದೆ.

"ಕಟ್ಟಡದ ಮಾತು ನಿನಗ ತಿಳಿಯಂಗಿಲ್ಲ, ಸುಗಲಾ," ಎಂದರು ಅಣವೀರಪ್ಪ. ಕೆಟ್ಟ ಮನುಷ್ಯರಲ್ಲ, ಮಗಳೆಂದರೆ ಪ್ರಾಣ. ಆದರೆ ಹೆಂಡತಿ ಕೇಳಿದ ಪ್ರಶ್ನೆಯನ್ನು ನಾಲಿಗೆಯ ಮೇಲೆ ಒಂದು ಕ್ಷಣ ಇಟ್ಟುಕೊಂಡು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಮಾಳಿಗೆಗೆ ಡಾಂಬರು ಬಿತ್ತು. ಕರಿಯ ಡಾಂಬರು ಬಿಸಿಲು ಕುಡಿದು ಮನೆ ಇನ್ನಷ್ಟು ಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಹಗಲಿಡೀ ತಿರುಗಿ ಯಂತ್ರದ ಎದೆ ಸುಟ್ಟುಹೋಯಿತು. ಹೊಸದು ಹಾಕಿಸಿದರು. ಕಂಪನಿಯವನು, ನಿಮ್ಮ ಊರಿನ ಬಿಸಿಲೇ ಹೆಚ್ಚು ಎಂದು ಬಿಸಿಲಿನ ಮೇಲೆ ತಪ್ಪು ಹಾಕಿದ. ಹುಡುಗಿಯ ಖೋಲಿಗೆ ಗೋಡೆಯ ಸಣ್ಣ ಎ.ಸಿ. ಹಾಕಿಸೋಣ ಎಂದು ಸುಗಲಾದೇವಿ ಕೇಳಿದಳು.

"ಆನಿಗಿ ಆಗಲಾರದ್ದು ಇಲಿಗಿ ಆಗ್ತದೇನು?" ಎಂದರು ಅಣವೀರಪ್ಪ.

ಇಷ್ಟು ದೊಡ್ಡ ಯಂತ್ರವೂ ಸೋತಿತೆಂದರೆ ತಪ್ಪು ಯಂತ್ರದ್ದಲ್ಲ ಎಂಬ ಮಾತು ಆ ಮನೆಯಲ್ಲಿ ಮೆಲ್ಲಮೆಲ್ಲಗೆ ಬೇರೂರಿತು. ಮನೆಯವರಿಗೆಲ್ಲ ಹಾಯಾಗಿದೆ, ಇವಳೊಬ್ಬಳಿಗೆ ಸಾಲದು. ಅಂದರೆ ಇವಳ ಮೈಯೇ ಹಾಗೆ. ಬಂಧುಗಳು ಬಂದಾಗ ಅಂದರು, ಡಾಕ್ಟರು ಅರ್ಧಂಬರ್ಧ ಅಂದರು, ಕೊನೆಗೆ ತಂದೆಯೂ ಅಂದರು. ಇದನ್ನೆಲ್ಲ ನಾನು ಕೇಳಿಸಿಕೊಂಡಂತೆ ನೀಲಾಳೂ ಕೇಳಿಸಿಕೊಂಡಳು. ನನ್ನ ಮೂಲಕವೇ ಕೇಳಿಸಿಕೊಂಡಳು. ತಂಪನ್ನು ಸರಿಯಾಗಿ ಒಯ್ಯದ ನಾನು ಆ ಮಾತುಗಳನ್ನು ಮಾತ್ರ ಒಂದಕ್ಷರ ಸೋರದಂತೆ ಅವಳ ಖೋಲಿಗೆ ಮುಟ್ಟಿಸಿದೆ.

ಮೂರನೆಯ ಬೇಸಿಗೆ, ಮೇ ತಿಂಗಳ ಒಂದು ಮಧ್ಯಾಹ್ನ ಅವಳಿಗೆ ಜ್ವರ ನೆತ್ತಿಗೇರಿ ಸೆಳವು ಬಂತು. ಸ್ಟೂಲು ಉರುಳಿದ ಸದ್ದು ಕೇಳಿತು, ಆಮೇಲೆ ಸುಗಲಾದೇವಿಯ ಕೂಗು. ಜೀಪು ಹೋಯಿತು. ಆರು ದಿನ ಆ ಖೋಲಿಯಿಂದ ಒಂದು ಸದ್ದೂ ಬರಲಿಲ್ಲ. ನಾನು ಖಾಲಿ ಖೋಲಿಗೆ ಗಾಳಿ ಊದುತ್ತ ಬಿದ್ದಿದ್ದೆ. ಏಳನೆಯ ದಿನ ಅವಳ ದನಿ ಕೇಳಿದಾಗ ನನಗಾದ ಸಮಾಧಾನ ಒಂದೇ ಗಳಿಗೆಯದು. ಇವಳನ್ನು ಈ ಊರಿನಲ್ಲಿ ಇನ್ನೊಂದು ಬೇಸಿಗೆ ಇಡಬೇಡಿ ಎಂದಿದ್ದರಂತೆ ಡಾಕ್ಟರು. ಬೆಳಗಾವಿಯಲ್ಲಿ ಅಣವೀರಪ್ಪನವರ ತಂಗಿ ಗೌರಾಬಾಯಿ ಇದ್ದರು. ಅಲ್ಲಿ ಹವಾ ತಂಪು.

ಹೊರಡುವ ದಿನ ತಾಯಿ ಮಗಳ ಬಟ್ಟೆ ಮಡಿಸುತ್ತ ಅಳುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ ತಾಯಿಗೆ ಸಮಾಧಾನ ಹೇಳಿದಳು.

"ಅಳಬ್ಯಾಡವಾ. ಅಪ್ಪ ಇಷ್ಟು ದೊಡ್ಡ ಮಿಶನ್ ಹಾಕಸ್ಯಾನ. ನನ್ನ ಮೈಯೇ ಛಲೋ ಇಲ್ಲ. ಯಾರೇನು ಮಾಡಬೇಕು?"

ಮೊದಲು ಬೇಸಿಗೆಗಷ್ಟೇ ಎಂದಿದ್ದರು. ಶಾಲೆಯ ವರ್ಷ ಎರಡು ಊರಿನಲ್ಲಿ ಹಂಚಿಹೋಗುತ್ತದೆಂದು ಮರುವರ್ಷದಿಂದ ಪೂರ್ತಿ ಅಲ್ಲಿಯೇ ಇರಿಸಿದರು. ಏಳು ವರ್ಷ ಹೋಯಿತು. ಅವಳು ದೀಪಾವಳಿಗೆ ಬರುತ್ತಿದ್ದಳು, ಹತ್ತು ದಿನ ಇದ್ದು ಹೋಗುತ್ತಿದ್ದಳು. ದನಿ ಪ್ರತಿ ಸಲ ಬೇರೆಯಾಗಿರುತ್ತಿತ್ತು. ಹಲ್ಲು ಕಟ್ಟಿಸಿಕೊಂಡ ಮೇಲೆ ಮಾತಿನ ರೀತಿ ಬದಲಾಯಿತು, ಬೆಳಗಾವಿಯ ಮಾತು ಸೇರಿತು. ಒಂದು ದೀಪಾವಳಿಗೆ ಅಡುಗೆಮನೆಯಿಂದ ಕೇಳಿದಳು.

"ಅವ್ವಾ, ಸಕ್ಕರಿ ಡಬ್ಬಿ ಎಲ್ಲಿ ಇಟ್ಟೀ?"

ಡಬ್ಬಿ ಮನೆ ಕಟ್ಟಿದಾಗಿನಿಂದ ಅದೇ ಜಾಗದಲ್ಲಿತ್ತು. "ಬಂದೆ ತಡಿ, ನಾನೇ ಕೊಡ್ತೀನಿ," ಎಂದಳು ಸುಗಲಾದೇವಿ, ಬೀಗರ ಮನೆಯವರಿಗೆ ಹೇಳುವ ಹಾಗೆ.

ಮಗಳು ಇಲ್ಲದ ದಿನಗಳಲ್ಲಿ ಅವಳು ಯಂತ್ರ ಹಚ್ಚುತ್ತಲೇ ಇರಲಿಲ್ಲ. ಯಾರಾದರೂ ಬಂದರೆ ಅಣವೀರಪ್ಪ ಹಚ್ಚುತ್ತಿದ್ದರು. ಅಷ್ಟರಿಂದಲೇ ಕಲೆ ದೊಡ್ಡದಾಗುತ್ತ ಬಂತು. ಹತ್ತನೆಯ ವರ್ಷದ ಮೇ ತಿಂಗಳಲ್ಲಿ ಪಡಸಾಲೆಯ ಚಾವಣಿ ನೆನೆದು ಜೋತು, ಒಂದು ಬೆಳಿಗ್ಗೆ ದೊಪ್ಪೆಂದು ಕೆಳಗೆ ಬಿತ್ತು. ಬೆಳಕು ನನ್ನ ಮೇಲೆ ಬಿತ್ತು. ಹತ್ತು ವರ್ಷದ ಮೇಲೆ ಆ ಮನೆಯವರನ್ನು ನೋಡಿದೆ. ಅಣವೀರಪ್ಪನವರ ಕೂದಲು ಬೆಳ್ಳಗಾಗಿತ್ತು. ಸುಗಲಾದೇವಿಯ ಮುಖವನ್ನು ನಾನು ಊಹಿಸಿಕೊಂಡಿದ್ದೆ, ಇಷ್ಟು ಬತ್ತಿರುತ್ತದೆ ಎಂದುಕೊಂಡಿರಲಿಲ್ಲ.

ತಗಡಿನ ಕೆಲಸಕ್ಕೆ ಮತ್ತೆ ಲಾಡ್ಲೇಸಾಬನನ್ನೇ ಕರೆಸಿದರು. ಗಡ್ಡ ಹಣ್ಣಾಗಿತ್ತು, ಏಣಿಯನ್ನು ಒಂದೊಂದೇ ಮೆಟ್ಟಿಲು ಹಿಡಿದು ಹತ್ತಿದ. ಯಂತ್ರ ಹಚ್ಚಲು ಹೇಳಿ, ತಳ ಮುಟ್ಟಿದ, ಪಕ್ಕ ಮುಟ್ಟಿದ. ಆಮೇಲೆ ತೊಲೆಯ ಸಂದಿನಲ್ಲಿ ಕೈ ತೂರಿಸಿದ. ಕೈ ಅಲ್ಲೇ ನಿಂತಿತು. ಅವನ ಅಂಗಿಯ ತೋಳು ಗಾಳಿಗೆ ಉಬ್ಬಿ ಪಟಪಟ ಬಡಿಯಿತು. ಬೇಕಾಗಿದ್ದರೆ ಸುಮ್ಮನೆ ಮುಚ್ಚಿ ಇಳಿಯಬಹುದಿತ್ತು. ಕೆಳಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ.

"ಸಾವಕಾರ್ರೇ, ಇಲ್ಲಿ ಬರ್ರಿ," ಎಂದ. "ನಿಮ್ಮ ಕೈ ಇಲ್ಲಿ ಇಡ್ರಿ. ತಪ್ಪು ನಂದದ."

ಅಣವೀರಪ್ಪ ಏಣಿ ಹತ್ತಿದರು. ನನ್ನ ನೆತ್ತಿಯ ಮೇಲೆ ಅವರ ಕೈ ಬಿತ್ತು. ಬೆರಳು ಸಂದನ್ನು ಅಳೆಯುತ್ತ ಈ ತುದಿಯಿಂದ ಆ ತುದಿಗೆ ಹೋದವು, ಮರಳಿ ಬಂದವು. ಹಿಮದಂಥ ಗಾಳಿ ಅವರ ಕೈಬೆರಳ ನಡುವೆ ನುಗ್ಗಿ ಹೋಗುತ್ತಿತ್ತು. ಲಾಡ್ಲೇಸಾಬ ಕೆಳಗೆ ನಿಂತು ಗಿರಣಿಯ ನಾಳದ ಲೆಕ್ಕದಲ್ಲಿ ಜೋಡಿಸಿದ್ದನ್ನು, ಮೇಲಿನ ಮಗ್ಗುಲು ಬಿಟ್ಟದ್ದನ್ನು, ಒಂದೂ ಮುಚ್ಚಿಡದೆ ಹೇಳಿದ.

"ನೀ ನೋಡ್ತೀನಂತ ಬಂದಿದ್ದಿ," ಎಂದರು ಅಣವೀರಪ್ಪ ಏಣಿಯ ಮೇಲಿಂದಲೇ. "ನಾನೇ ಚಾ ಕುಡಿಸಿ ಕಳಿಸಿದೆ."

ಲಾಡ್ಲೇಸಾಬ ಒಂದು ತಗಡಿನ ಪಟ್ಟಿ ಕತ್ತರಿಸಿ ನನ್ನ ನೆತ್ತಿಗೆ ಹೊಂದಿಸಿದ. ಕೊಡತಿ ಆಡದ ಕಡೆ ಅಂಗೈಯಿಂದಲೇ ಒತ್ತಿದ, ಸ್ಕ್ರೂ ಬಿಗಿದ, ಬೆರಳಿನಿಂದ ಅಂಟು ಮೆತ್ತಿದ. ಹತ್ತು ವರ್ಷದಲ್ಲಿ ಮೊದಲ ಸಲ ನನಗೆ ಬಂದದ್ದೆಲ್ಲವೂ ನನ್ನ ಇನ್ನೊಂದು ಬಾಯಿಯಿಂದ ಮುಂದಕ್ಕೆ ಹೋಯಿತು. ಎಂಥ ರಭಸ. ಕಿಟಕಿಗಳ ಪರದೆಗಳು ಹಾರಿದವು, ಕ್ಯಾಲೆಂಡರು ಗೋಡೆಗೆ ಬಡಿಯಿತು. ಇದಕ್ಕೇ ಅಲ್ಲವೇ ನಾನು ಹುಟ್ಟಿದ್ದು! ಒಂದು ಗಳಿಗೆ ನನಗೆ ಎಲ್ಲ ಮರೆತು ಸಂತೋಷವಾಯಿತು, ಹೇಳಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಎರಡರ ಹೊತ್ತಿಗೆ, ಹೊರಗೆ ನಲವತ್ನಾಲ್ಕು ಇರುವಾಗ, ಮನೆ ಇಪ್ಪತ್ಮೂರಕ್ಕೆ ಇಳಿದಿತ್ತು. ಸುಗಲಾದೇವಿ ಸೆರಗನ್ನು ಭುಜದ ತುಂಬ ಎಳೆದುಕೊಂಡು ಮಗಳ ಖೋಲಿಗೆ ಹೋದಳು. ಅಲ್ಲಿ ಮಂಚದ ಮೇಲೆ ಕೂತಳು. ಚಳಿಗೆ ಮೈ ನಡುಗಿತೋ ಅಥವಾ ಬೇರೆಯದಕ್ಕೋ, ಬಳೆಗಳ ಸದ್ದು ಕೇಳುತ್ತಲೇ ಇತ್ತು. ಆಮೇಲೆ ಹೊರಗೆ ಬಂದು, ಸಾಮಾನು ಕಟ್ಟುತ್ತಿದ್ದ ಲಾಡ್ಲೇಸಾಬನ ಎದುರು ನಿಂತಳು.

"ಕಾಕಾ, ಇದು ಎಷ್ಟೊತ್ತಿನ ಕೆಲಸ?"

ಲಾಡ್ಲೇಸಾಬ ತಲೆ ಎತ್ತಲಿಲ್ಲ.

"ಅರ್ಧ ತಾಸು, ಅವ್ವಾರ."

ಅವಳು ಹೋಗಿ ಯಂತ್ರದ ಸ್ವಿಚ್ಚು ಆರಿಸಿದಳು. ಹದಿನೈದು ದಿನದಲ್ಲಿ ನಮ್ಮನ್ನೆಲ್ಲ ಬಿಚ್ಚಿಸಿದಳು. ಬೇಕಾದಾಗ ಮಗಳಿಗೆ ಸಿಗದ ಈ ತಂಪು ತನಗೆ ಬೇಡವೆಂದಳು. ಅಣವೀರಪ್ಪ ಒಂದು ಮಾತೂ ಎದುರಾಡಲಿಲ್ಲ. ಹತ್ತು ತುಂಡುಗಳು ಗುಜರಿಗೆ ಹೋದವು. ದಾರಿಯಲ್ಲಿ ಲಾಡ್ಲೇಸಾಬ ಗಾಡಿ ನಿಲ್ಲಿಸಿ ನನ್ನೊಬ್ಬನನ್ನು ಇಳಿಸಿಕೊಂಡ. ಈಗ ನಾನು ಅವನ ಅಂಗಡಿಯ ಬಾಗಿಲ ಪಕ್ಕದಲ್ಲಿದ್ದೇನೆ. ಸತುವಿನ ಹೂವುಗಳು ಮಾಸಿವೆ, ತಳಕ್ಕೆ ತುಕ್ಕು ಹತ್ತಿದೆ. ಯಾರಾದರೂ ಗಾಳಿಯ ಕೆಲಸ ತಂದರೆ ಅವನು ನನ್ನ ನೆತ್ತಿ ತೋರಿಸಿ, ಮೊದಲು ಗಾಳಿ ಬಿಟ್ಟು ನೋಡದೆ ಚಾವಣಿ ಮುಚ್ಚುವುದಾದರೆ ಈ ಅಂಗಡಿಗೆ ಬರಬೇಡಿ ಎನ್ನುತ್ತಾನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಅವನ ಕಣ್ಣಿಗೆ ನಾನು ದಿನಾ ಬೀಳುತ್ತೇನೆ. ನನ್ನನ್ನು ಇಟ್ಟುಕೊಂಡದ್ದು ಗಿರಾಕಿಗಳಿಗಾಗಿಯೋ ತನಗಾಗಿಯೋ ನಾನು ಕೇಳಲಾರೆ.

ಒಂದು ಸಂಗತಿ ಬಿಟ್ಟಿದ್ದೇನೆ. ಬಿಟ್ಟೇ ಮುಗಿಸಬೇಕೆಂದಿದ್ದೆ, ಆಗುತ್ತಿಲ್ಲ.

ನನ್ನ ನೆತ್ತಿ ಮುಚ್ಚಿದ ದಿನವೇ, ಸಂಜೆ, ಲಾಡ್ಲೇಸಾಬ ಹೋದ ಮೇಲೆ, ಸುಗಲಾದೇವಿ ಪಡಸಾಲೆಯ ಫೋನಿನ ಹತ್ತಿರ ಬಂದಳು. ಹೇಳುವುದು ಬೇಡ, ಹುಡುಗಿ ನೊಂದುಕೊಳ್ಳುತ್ತಾಳೆ ಎಂದರು ಅಣವೀರಪ್ಪ. ಅವಳು ಗಂಡನ ಕಡೆ ತಿರುಗಿ ನೋಡಲಿಲ್ಲ, ನಂಬರು ಒತ್ತಿದಳು. ಚಾವಣಿ ತೆರೆದೇ ಇತ್ತು. ನಾನು ಅವಳ ನೆತ್ತಿಯ ನೇರಕ್ಕೆ ಇದ್ದೆ. ಬೆಳಗಾವಿಯ ಮಾತು ನನಗೆ ಕೇಳಿಸಲಿಲ್ಲ, ಅವಳದಷ್ಟೇ ಕೇಳಿಸಿತು.

"ನೀಲಾ, ಊಟ ಆಯ್ತೇನು ಮಗಾ? ಒಂದು ಮಾತು ಹೇಳಬೇಕು, ಕೇಳು. ನಿನ್ನ ಮೈಯಾಗ ತಪ್ಪಿದ್ದಿಲ್ಲ. ಹ್ಞೂಂ. ಇಲ್ಲವಾ, ಜ್ವರ ನಿನ್ನ ತಪ್ಪಿಗಿ ಬರ್ತಿದ್ದಿಲ್ಲ. ಮ್ಯಾಲ ಗಾಳಿ ಡಬ್ಬಿ ಸೋರ್ತಿತ್ತು. ಇವತ್ತು ಲಾಡ್ಲೇ ಕಾಕಾ ಹುಡುಕಿದ, ಮುಚ್ಚಿದ. ಮಧ್ಯಾನ್ನ ಮನಿ ಥಣ್ಣಗಾಗಿತ್ತು, ಭಾಳ ಥಣ್ಣಗಾಗಿತ್ತು."

ಆ ಕಡೆಯಿಂದ ನೀಲಾ ಏನೋ ಕೇಳಿರಬೇಕು. ಸುಗಲಾದೇವಿ ಗೋಡೆಗೆ ಕೈ ಊರಿದಳು.

"ಹೌದವಾ," ಎಂದಳು. "ಇಲ್ಲೇ ಇರಬಹುದಿತ್ತು ನೀನು. ನನ್ನ ಹತ್ರಾನೇ ಇರಬಹುದಿತ್ತು."